ಒಂದಕ್ಷರದ ಗಾಯಕ

ಅಮರೇಶ್ ಅವರಿಗೆ ಹಾಡಲು ಬರುವುದಿಲ್ಲ. ಬ್ಯಾಂಡ್ ಕಟ್ಟಿದಾಗಲೂ ಬರುತ್ತಿರಲಿಲ್ಲ.

ಬೆಳಿಗ್ಗೆ ಆರು ಗಂಟೆ. ಪೀಣ್ಯದ ಪ್ರೆಸ್ ಶಾಪೊಂದರ ನಲ್ಲಿಯ ಬಳಿ ಅವರು ಉಪ್ಪುನೀರು ಮುಕ್ಕಳಿಸುತ್ತಿದ್ದಾರೆ. ಒಳಗೆ ಹದಿನಾರು ಯಂತ್ರಗಳು ತಗಡು ಬಡಿದು ವಾಷರ್ ಮಾಡುತ್ತಿವೆ. ಹೆಸರಿಗೆ ಅಮರೇಶ್ ಸೂಪರ್‌ವೈಸರ್. ಕೆಲಸ ಮಾತ್ರ ಒಂದೇ: ಯಾರದಾದರೂ ಕೈ ಅಚ್ಚಿನೊಳಗೆ ಉಳಿದದ್ದು ಕಂಡರೆ, ಆ ಗದ್ದಲವನ್ನೂ ಸೀಳಿಕೊಂಡು ಹೋಗುವಂತೆ "ಕೈ!" ಎಂದು ಕಿರುಚುವುದು.

ಇಪ್ಪತ್ತು ವರ್ಷದ ಹಿಂದೆ ಅವರು 'ತುಕ್ಕು' ಎಂಬ ಹಾರ್ಡ್‌ಕೋರ್ ಪಂಕ್ ಬ್ಯಾಂಡಿನ ಗಾಯಕ. ನಲವತ್ತು ಸೆಕೆಂಡಿನ ಹಾಡುಗಳು. ಬರೀ ಕಿರುಚಾಟ, ಒಂದು ಪದವೂ ತಿಳಿಯುತ್ತಿರಲಿಲ್ಲ. ಡ್ರಮ್ಮರ್ ವಿನಾಯಕ್ ಈಗ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಸಂಘವೊಂದರ ಕಾರ್ಯದರ್ಶಿ. ಮಿಕ್ಸಿ ಸದ್ದಿಗೂ ನೋಟಿಸ್ ಕಳಿಸುತ್ತಾರೆ. ಗಿಟಾರಿನ ನಲ್ಲಪ್ಪ ಆನೇಕಲ್‌ನಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾರೆ.

"ಇನ್ನೂ ಫೀಲ್ಡಲ್ಲಿರೋನು ನಾನೊಬ್ನೇ ಕಣ್ರೀ" ಎನ್ನುತ್ತಾರೆ ಅಮರೇಶ್.

ಪ್ರೆಸ್ ಯಂತ್ರದ ಮೇಲೆ ಕೆಲಸ ಮಾಡುವ ರುಕ್ಮವ್ವ ಬಾಗಲಕೋಟೆ ಕಡೆಯವರು. "ಅವ್ರು ಮಾತಾಡಿದ್ರ ಏನೂ ತಿಳಿಯಂಗಿಲ್ರಿ. ಒದರಿದ್ರ ಮಾತ್ರ ತಿಳಿತೈತಿ."

ಕಳೆದ ತಿಂಗಳು ಈ ಕೆಲಸ ಕೈತಪ್ಪುವುದರಲ್ಲಿತ್ತು. ಮಾಲೀಕ ಶೇಖರಪ್ಪ ಗುಂಡಿ ಒತ್ತಿದರೆ ಕೂಗುವ ಒಂದು ಹೂಟರ್ ತಂದರು. "ಇದಕ್ಕೆ ಗಂಟಲು ಕಟ್ಟಲ್ಲ, ರಜಾನೂ ಕೇಳಲ್ಲ ಕಣಯ್ಯ" ಎಂದು ಅಮರೇಶ್ ಅವರನ್ನು ಪ್ಯಾಕಿಂಗಿಗೆ ಹಾಕಿದರು. ಒಂದು ತಿಂಗಳು ಹೂಟರ್ ಸರಿಯಾಗಿ ನಡೆದರೆ ಪ್ಯಾಕಿಂಗೂ ಇಲ್ಲ ಎಂದರು.

ಮೂರನೇ ದಿನ ಮಲಕಪ್ಪ ಎಂಬ ಕೆಲಸಗಾರನ ಕೈ ಅಚ್ಚಿನೊಳಗಿತ್ತು, ಕಾಲು ಅಚ್ಚು ಇಳಿಸುವ ಪೆಡಲ್ ಮೇಲಿತ್ತು. ನೋಡಿದ ರುಕ್ಮವ್ವ ಗುಂಡಿ ಒತ್ತಿದರು. ಹೂಟರ್ ಕೂಗಿತು. ಯಾರೂ ಬೆಚ್ಚಲಿಲ್ಲ. ಪಕ್ಕದ ಶೆಡ್ಡಿನ ಟೀ ಹೂಟರನ್ನೂ ಅದೇ ಅಂಗಡಿಯಿಂದ ತಂದಿದ್ದರು; ಸದ್ದು ಅದೇ, ಅದು ಕೂಗಿದರೆ ಇಲ್ಲೂ ಟೀ. ಎಲ್ಲರೂ ಲೋಟ ಹುಡುಕತೊಡಗಿದರು. ಮಲಕಪ್ಪನೂ ತಲೆಯೆತ್ತಿ ಟೀ ಬಂತೇ ಎಂದು ನೋಡಿದ, ಕಾಲು ಪೆಡಲ್ ಒತ್ತಿತು.

ಪ್ಯಾಕಿಂಗ್ ಮೂಲೆಯಿಂದ ಬಂತು: "ಕೈ!"

"ಅವ್ವನಾಣಿ, ನಾ ಎಳ್ಕೊಂಡಿಲ್ರಿ. ಕೈ ತಾನಾಗೇ ಹಿಂದಕ್ಕ ಬಂತು" ಎನ್ನುತ್ತಾನೆ ಮಲಕಪ್ಪ, ಬ್ಯಾಂಡೇಜ್ ತೋರಿಸುತ್ತ.

ಹೂಟರ್ ಈಗ ಟೀಗೆ ಮಾತ್ರ ಕೂಗುತ್ತದೆ. ಅಮರೇಶ್ ಹಳೇ ಜಾಗಕ್ಕೆ ಬಂದಿದ್ದಾರೆ.

"ಆವಾಗ ಸ್ಟೇಜ್ ಮುಂದೆ ಹನ್ನೆರಡು ಜನ ಇರ್ತಿದ್ರು, ಅದ್ರಲ್ಲಿ ನಾಲ್ಕು ಜನ ನಮ್ಮ ನೆಂಟ್ರು. ಈಗ ಶಿಫ್ಟಿಗೆ ಮೂವತ್ತು ಜನ ಕೇಳ್ತಾರೆ. ಪದಾನೂ ಅರ್ಥ ಆಗುತ್ತೆ."

ಅವರು ಬರುವ ಮುಂಚಿನ ಒಂಬತ್ತು ವರ್ಷಗಳಲ್ಲಿ ಈ ಶೆಡ್ಡಿನಲ್ಲಿ ಹೋದದ್ದು ಏಳು ಬೆರಳು. ಬಂದ ಮೇಲಿನ ಒಂಬತ್ತು ವರ್ಷಗಳಲ್ಲಿ ಹೋದದ್ದು ಮಲಕಪ್ಪನ ಅರ್ಧ ಉಗುರು.