ಮೇವಿಸ್ ಶೆಂಟನ್ ನಿವೃತ್ತರಾಗಿಲ್ಲ

ಕಳೆದ ಬುಧವಾರದ ನಮ್ಮ ಊರಿನ ವಾರಪತ್ರಿಕೆಯಲ್ಲಿ ಆರು ಸಾಲಿನ ಸುದ್ದಿಯೊಂದು ಅಚ್ಚಾಗಿದೆ: ‘ಇಪ್ಪತ್ತು ವರ್ಷ ಸೇವೆ ಸಲ್ಲಿಸಿದ ಮೇವಿಸ್ ಶೆಂಟನ್ ನಿವೃತ್ತಿ.’ ಆರು ಸಾಲಿಗೆ ಎರಡು ತಪ್ಪು. ಅವರ ಸೇವೆ ಇಪ್ಪತ್ತೇಳು ವರ್ಷದ್ದು. ನಿವೃತ್ತಿಯಂತೂ ಆಗಿಯೇ ಇಲ್ಲ. ಪ್ರತ್ಯಕ್ಷ ಕಂಡ ನಾನು ಸುಮ್ಮನಿರಲಾರೆ.

ಕೊನೆಗಾಲದ ರೋಗಿಗಳ ಆರೈಕೆಗೆ ಹಣ ಕೂಡಿಸಲೆಂದು ಹಳೆಯ ಸಾಮಾನು ಮಾರುವ ನಮ್ಮ ಅಂಗಡಿಗೆ ಮೇವಿಸ್ ಸ್ವಯಂಸೇವಕಿಯಾಗಿ ಸೇರಿದ್ದು 1997ರ ಮಾರ್ಚ್ ನಾಲ್ಕು, ಮಂಗಳವಾರ. ಹಾಜರಿ ಪುಸ್ತಕ ನೋಡಿಯೇ ಹೇಳುತ್ತಿದ್ದೇನೆ. ನಾನು ಅಲ್ಲಿ ಪುಸ್ತಕದ ಕಪಾಟು ನೋಡಿಕೊಳ್ಳುವವನು. ಅವರದು ಹಿಂದಿನ ಕೋಣೆಯ ದೊಡ್ಡ ಮೇಜು. ದಾನ ಬಂದ ಕೋಟುಗಳನ್ನು ಮೂಸಿ, ಜೇಬು ತಡಕಿ, ಒಗಟುಚಿತ್ರದ ಸಾವಿರ ತುಂಡುಗಳನ್ನೂ ಎಣಿಸಿ ಬೆಲೆಚೀಟಿ ಅಂಟಿಸುವುದು ಅವರ ಕೆಲಸ. ಆ ಮೇಜಿನ ಮೇಲೆ ಇಟ್ಟದ್ದೆಲ್ಲ ದಾನ ಎಂಬುದು ಅವರ ಏಕೈಕ ಕಾನೂನು. ಅಂಗಡಿಯ ವ್ಯವಸ್ಥಾಪಕಿ ಬೆವ್‌ಳ ಹೊಸ ಕೋಟು ಒಮ್ಮೆ ಹತ್ತು ಗಂಟೆಗೆ ಆ ಮೇಜಿನ ಮೇಲಿತ್ತು. ಹತ್ತೂವರೆಗೆ ಗಿರಾಕಿಯ ಮೈಮೇಲಿತ್ತು.

ಇಂಥವರಿಗೆ ಸನ್ಮಾನ ಮಾಡಲು ಮುಖ್ಯ ಕಚೇರಿಗೆ ಇಪ್ಪತ್ತೇಳು ವರ್ಷ ಬೇಕಾಯಿತು. ಅದೂ ಎಂಥ ಸನ್ಮಾನ! ಅಧಿಕಾರಿ ಡಾಮಿನಿಕ್ ಅವರ ಯೋಜನೆಯಂತೆ ಶುಕ್ರವಾರ ಕೇಕು, ಗಾಜಿನ ಫಲಕ, ಚಪ್ಪಾಳೆ. ಅಲ್ಲಿಂದಾಚೆ ಎಂಬತ್ತಮೂರರ ಮೇವಿಸ್ ‘ಗೌರವ ಸದಸ್ಯೆ’, ಮೇಜು ಬೇರೆಯವರಿಗೆ. ಬೆವ್ ಇದನ್ನು ನನ್ನ ಕಿವಿಯಲ್ಲಿ ಹೇಳಿದಳು. ಮೇವಿಸ್ ಬಾಗಿಲ ಹಿಂದೆಯೇ ಇದ್ದರು.

“ಮೇಜು ಕಿತ್ಕೊಂಡು ಕೇಕ್ ಕೊಡ್ತಾನಂತಾ?” ಎಂದು ನನ್ನತ್ತ ತಿರುಗಿದರು. “ಕ್ಲಿಫರ್ಡ್, ಮನೇಲಿ ಕೂತು ನಾನು ಯಾರ ಜೇಬು ತಡಕಲಿ?”

ಮಂಗಳವಾರ ಡಾಮಿನಿಕ್ ಫಲಕದ ಪೊಟ್ಟಣವನ್ನು ತಂದು, ಜಾಗವಿಲ್ಲದೆ, ಆ ಮೇಜಿನ ಮೇಲೆಯೇ ಇಟ್ಟು ಹೋದರು. ಬುಧವಾರ ಬೆಳಿಗ್ಗೆ ಮೇವಿಸ್ ಅದನ್ನು ಬಿಚ್ಚಿದರು, ಓದಿದರು, ಬೆಲೆಚೀಟಿ ಅಂಟಿಸಿ ಹೂದಾನಿಗಳ ಪಕ್ಕದಲ್ಲಿಟ್ಟರು. ಆಗ ಅವರ ಕನ್ನಡಕ ಮೂಗಿನ ಮೇಲೆಯೇ ಇತ್ತೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಶುಕ್ರವಾರ ಇಪ್ಪತ್ತು ಮಂದಿ ಗಿರಾಕಿಗಳ ಎದುರು ಡಾಮಿನಿಕ್ ಭಾಷಣ ಮುಗಿಸಿ ಪೊಟ್ಟಣಕ್ಕಾಗಿ ಕೈಚಾಚಿದರು. ಪೊಟ್ಟಣವಿರಲಿಲ್ಲ.

“ಇಲ್ಲೇ ಇಟ್ಟಿದ್ನಲ್ಲ!”

“ಮೇಜಿನ ಮೇಲಾ, ಚಿನ್ನಾ?” ಎಂದರು ಮೇವಿಸ್. “ಹಾಗಾದ್ರೆ ಮಾರಾಟ ಆಯ್ತು. ಒಂದೂವರೆ ಪೌಂಡ್. ಗಾಜು ಚೆನ್ನಾಗೇ ಇತ್ತು, ಆದ್ರೆ ಹೆಸರು ಕೆತ್ತಿದ್ದಕ್ಕೆ ಬೆಲೆ ಬರಲ್ಲ ನೋಡು.”

“ಅದು ನಿಮ್ಮ ಹೆಸರು, ಮೇವಿಸ್!”

“ನಂದಾ? 1998ರಿಂದ 2024 ಅಂತಿತ್ತು. ನಾನು ಬಂದಿದ್ದು ತೊಂಬತ್ತೇಳರಲ್ಲಿ, ಇನ್ನೂ ಹೋಗಿಲ್ಲ. ಯಾವಳೋ ಪಾಪ ಸತ್ತೋಗಿದಾಳೆ ಅಂದ್ಕೊಂಡೆ.”

ಅಂಗಡಿಯೆಲ್ಲ ನಕ್ಕಿತು. ಡಾಮಿನಿಕ್ ಕೆಂಪಾದರು. “ಯಾರ್ ತಗೊಂಡಿದ್ದು?”

ನಾನು ಎದ್ದು ನಿಂತೆ. “ನಾನು. ರಸೀದಿ ಇದೆ.”

“ಸ್ವಯಂಸೇವಕರು ಹಾಗೆಲ್ಲ ತಗೊಳ್ಳೋ ಹಾಗಿಲ್ಲ!”

“ಸಾಮಾನು ಒಂದು ದಿನ ಪೂರ್ತಿ ಕಪಾಟಿನಲ್ಲಿದ್ರೆ ತಗೋಬಹುದು. ನಿಮ್ಮದೇ ನಿಯಮ. ಅಲ್ಲಿಗೆ ಬಂದಿದ್ದು ಬುಧವಾರ ಹತ್ತು ಇಪ್ಪತ್ತಕ್ಕೆ. ನಾನು ತಗೊಂಡಿದ್ದು ಗುರುವಾರ ಹತ್ತು ಇಪ್ಪತ್ತೈದಕ್ಕೆ. ಐದು ನಿಮಿಷ ಜಾಸ್ತೀನೇ ಕೊಟ್ಟಿದೀನಿ.”

“ಸರಿ, ಹೊಸದು ಮಾಡಿಸ್ತೀನಿ,” ಎಂದರು ಡಾಮಿನಿಕ್, ಸೋತು.

“ಮಾಡಿಸು, ಚಿನ್ನಾ,” ಎಂದು ಮೇವಿಸ್ ಡಾಮಿನಿಕ್‌ರ ಬೆನ್ನು ತಟ್ಟಿದರು. “ಮೊದಲನೇ ಇಸವಿ ತಿದ್ದು. ಎರಡನೇದು ಖಾಲಿ ಬಿಡು. ಆ ದಿನ ಬಂದಾಗ ನಾನೇ ಹೇಳಿ ಕಳಿಸ್ತೀನಿ.”

ಗಿರಾಕಿಗಳು ಚಪ್ಪಾಳೆ ತಟ್ಟಿಬಿಟ್ಟರು. ಅಷ್ಟು ಜನರ ಮುಂದೆ ಡಾಮಿನಿಕ್ “ಆಗಲಿ” ಎನ್ನದೆ ಇನ್ನೇನು ಮಾಡಿಯಾರು? ಆದರೆ ಪತ್ರಿಕೆಗೆ ಸುದ್ದಿಯನ್ನು ಅವರು ಮೊದಲೇ ಬರೆದು ಕಳುಹಿಸಿಯಾಗಿತ್ತು. ತಪ್ಪು ಹುಟ್ಟಿದ್ದು ಹೀಗೆ.

ಫಲಕ ಈಗ ಹಿಂಬಾಗಿಲು ಮುಚ್ಚಿಕೊಳ್ಳದಂತೆ ಒತ್ತುಕೊಟ್ಟು ನಿಂತಿದೆ; ಒಂದೂವರೆ ಪೌಂಡಿಗೆ ಸಲ್ಲುವ ಕೆಲಸ. ಪತ್ರಿಕೆಯವರು ತಿದ್ದುಪಡಿ ಪ್ರಕಟಿಸುವವರೆಗೆ ಊರಿನವರು ಇಷ್ಟನ್ನು ತಿಳಿದಿರತಕ್ಕದ್ದು: ಮಂಗಳ, ಬುಧ, ಶುಕ್ರವಾರಗಳಂದು ಮೇವಿಸ್ ಶೆಂಟನ್ ತಮ್ಮ ಮೇಜಿನ ಬಳಿಯೇ ಇರುತ್ತಾರೆ. ಸಾಮಾನು ತಂದುಕೊಡುವವರು ತಮ್ಮ ಕೋಟನ್ನು ಮೈಮೇಲಿಂದ ತೆಗೆಯದಿರುವುದು ಕ್ಷೇಮ.