ರಫೂ ಅಕ್ಕನ ಪಕ್ಕದ ಕಿಟಕಿ

ರಫೂ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಅದು ಹುಟ್ಟಿನಿಂದ ಬಂದ ಕೋಪವಲ್ಲ, ಬೀದಿಯೇ ಕಂತುಕಂತಾಗಿ ತಂದುಕೊಟ್ಟದ್ದು. ಐವತ್ತೆಂಟು ವರ್ಷದಿಂದ ಒಂದೇ ಮನೆಯಲ್ಲಿರುವ ಹೆಂಗಸಿನ ಕಣ್ಣೆದುರು ಒಂದಾದ ಮೇಲೊಂದು ಹನ್ನೊಂದು ಮನೆ ಕೆಡವಿದರೆ, ಅವಳು ನಗುನಗುತ್ತಾ ಕೂತಿರಬೇಕಾಗಿತ್ತೇ?

ಎದ್ದು ನಿಂತ ಹೊಸ ಕಟ್ಟಡಗಳಿಗೆಲ್ಲ ಅವಳೇ ಹೆಸರಿಟ್ಟಿದ್ದಾಳೆ. ಮೂಲೆಯ ಬಿಳಿ ಕಟ್ಟಡ ‘ಫ್ರಿಜ್ಜು’. ಅದರ ಪಕ್ಕದಲ್ಲಿ ಒಂದರ ಮೇಲೊಂದು ಒಂದೇ ಅಳತೆಯ ನಾಲ್ಕು ಮಹಡಿ ಪೇರಿಸಿದ್ದು ‘ಟಿಫಿನ್ ಕ್ಯಾರಿಯರ್’. ಕೆಳಗೆ ಬರೀ ಕಂಬ, ಕಂಬಗಳ ನಡುವೆ ಕಾರು ನಿಲ್ಲಿಸಿಕೊಂಡಿರುವುದು ‘ಕಾರಿನ ಮನೆ’. ಅಲ್ಲಿ ಮನುಷ್ಯರು ಕಾರಿಗೆ ಒಕ್ಕಲಾಗಿ ಮೇಲೆ ಇದ್ದಾರಂತೆ.

“ಮನೆ ಅಂದ್ರೆ ಅದಕ್ಕೊಂದು ಮುಖ ಇರ್ಬೇಕು,” ಎನ್ನುತ್ತಾಳೆ, ಬಟ್ಟೆ ತಂದವರು ಕೇಳಲಿ ಬಿಡಲಿ. “ಬಾಗಿಲಲ್ಲಿ ನಿಂತೋರು ಬೀದಿಗೆ ಕಾಣ್ಬೇಕು. ಬೀದಿಯಲ್ಲಿ ಹೋಗೋರು ಒಂದು ಮಾತಾಡ್ಸಿ ಹೋಗ್ಬೇಕು. ಇವಕ್ಕೆ ಮುಖವೂ ಇಲ್ಲ, ಬೆನ್ನೂ ಇಲ್ಲ. ಬೈಯೋಣ ಅಂದ್ರೆ ಯಾವ ಕಡೆ ನಿಂತು ಬೈಬೇಕು ಅಂತ್ಲೂ ಗೊತ್ತಾಗಲ್ಲ!”

ಹೊಸದೆಲ್ಲ ಕೆಟ್ಟದ್ದು ಎಂದು ಗೊಣಗುವ ಪೈಕಿಯೂ ಅವಳಲ್ಲ. ಬೀದಿಗೆ ಒಳಚರಂಡಿ ಹಾಕಿದಾಗ ಅಗೆಯಲು ಬಂದವರಿಗೆಲ್ಲ ಮೂರು ದಿನ ಟೀ ಮಾಡಿ ಕೊಟ್ಟವಳು ಅವಳೇ. ಕೆಡವುವ ಮುಂಚೆ ಅಕ್ಕಪಕ್ಕದವರನ್ನು ಒಂದು ಮಾತು ಕೇಳದಿರುವುದು ಅವಳ ಮೈ ಉರಿಸುತ್ತದೆ.

ಅವಳ ಕಸುಬು ಹೆಸರಿನಲ್ಲೇ ಇದೆ. ಕಿಡಿ ಹಾರಿ ತೂತು ಬಿದ್ದ ಕೋಟು, ಮೊಳೆ ಸಿಕ್ಕಿ ಹರಿದ ಶಾಲು, ಇಲಿ ಕಡಿದ ಉಣ್ಣೆಯ ಅಂಗಿ, ಯಾವುದೇ ಬರಲಿ, ಹರಿದ ಜಾಗವನ್ನು ಎಳೆ ಎಳೆಯಾಗಿ ಮತ್ತೆ ನೇಯ್ದು ಕೊಡುತ್ತಾಳೆ. ತೇಪೆಯಲ್ಲ, ಎಲ್ಲಿ ಹರಿದಿತ್ತು ಎಂದು ಹಾಕಿಕೊಂಡವರಿಗೇ ತಿಳಿಯಬಾರದು. ಬಟ್ಟೆ ಹೊಸದಾದರೆ ಅದರ ಒಳಮಡಿಕೆಯಿಂದಲೇ ನೂಲು ಕಿತ್ತು ಬಳಸಬಹುದು. ಹಳೆಯದಾದರೆ ಆ ಸುಖವಿಲ್ಲ. ಹೊರಗಿನ ಬಟ್ಟೆ ಬಿಸಿಲಿಗೆ ಮಾಸಿರುತ್ತದೆ, ಒಳಗಿನ ನೂಲು ಮಾಸಿರುವುದಿಲ್ಲ. ಆಗ ತನ್ನ ಡಬ್ಬಿಯಿಂದ ಬಣ್ಣ ಹುಡುಕಬೇಕು. ಡಬ್ಬಿಯಲ್ಲಿ ಕಪ್ಪೇ ಹದಿನಾಲ್ಕು ಬಗೆ. ದೀಪ ಹಾಕಿಕೊಂಡು ನೋಡಿದರೆ ಹದಿನಾಲ್ಕೂ ಒಂದೇ. ಹಗಲು ಬೆಳಕಿನಲ್ಲಿ ಹಿಡಿದರೆ ಮಾತ್ರ ಅವು ತಮ್ಮ ನಿಜವಾದ ಬಣ್ಣ ಬಿಟ್ಟುಕೊಡುತ್ತವೆ. ಆದ್ದರಿಂದಲೇ ಮೂವತ್ತಾರು ವರ್ಷದಿಂದ ಮಹಡಿಯ ಕೋಣೆಯಲ್ಲಿ, ಬೀದಿ ಕಡೆಯ ಕಿಟಕಿಗೆ ಸ್ಟೂಲು ಹಾಕಿಕೊಂಡು ಕೂತಿದ್ದಳು.

ಎರಡು ವರ್ಷದ ಹಿಂದೆ ಎದುರಿಗೆ ಗಾಜಿನ ಕಟ್ಟಡ ಎದ್ದಿತು. ಆರು ಮಹಡಿ, ಮೇಲಿಂದ ಕೆಳಗಿನವರೆಗೆ ಹಸಿರು ಗಾಜು. ಅದೇ ತಿಂಗಳು ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನೊಬ್ಬ ಬೂದು ಬಣ್ಣದ ಕೋಟು ತಂದ. ಮೊಣಕೈ ಹತ್ತಿರ ಹೆಬ್ಬೆರಳಗಲ ತೂತು. ಅಕ್ಕ ಎರಡು ದಿನ ಕೂತು ನೇಯ್ದಳು. ಕೈಯಾಡಿಸಿದರೆ ಹರಿದ ಜಾಗವೇ ಸಿಗದಷ್ಟು ನಯವಾಗಿತ್ತು. ಒಯ್ದವನು ಮಾರನೆಯ ದಿನವೇ ವಾಪಸು ಬಂದ.

“ಬೇಜಾರು ಮಾಡ್ಕೋಬೇಡಿ ಅಕ್ಕ. ಬಿಸಿಲಿಗೆ ಹೋದ್ರೆ ಇಲ್ಲಿ ಕಂದು ಕಾಣ್ತಿದೆ. ಎಲ್ಲರೂ ಏನೋ ಚೆಲ್ಕೊಂಡಿದ್ದೀಯ ಅಂತ ಕೇಳಿದ್ರು,” ಎಂದು ತಲೆ ಕೆರೆದುಕೊಂಡ. “ವಯಸ್ಸಾಯ್ತಲ್ವಾ, ಕಣ್ಣು ಒಮ್ಮೆ ತೋರಿಸ್ಕೊಳ್ಳಿ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕನಿಕರ ತೋರಿಸಿದವನಿಗೆ ಏನು ಹೇಳುವುದು? ಅವಮಾನ ನುಂಗಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಅಕ್ಷರ ಓದಿಸಿದರು, ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿದರು, “ನಿಮ್ಮ ಕಣ್ಣಿಗೆ ಏನೂ ಆಗಿಲ್ಲಮ್ಮ, ನನಗಿಂತ ಚೆನ್ನಾಗಿದೆ,” ಎಂದು ಕಳಿಸಿದರು. ಮನೆಗೆ ಬಂದು ಒಗೆದ ಬಿಳಿ ಬಟ್ಟೆಯೊಂದನ್ನು ಕಿಟಕಿಗೆ ಹಿಡಿದಳು. ಬಿಳಿ ಬಟ್ಟೆ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಎದುರಿನ ಗಾಜು ತನ್ನ ಹಸಿರನ್ನೆಲ್ಲ ಅವಳ ಕೋಣೆಗೆ ಸುರಿಯುತ್ತಿತ್ತು. ಆ ಹಸಿರಿನಲ್ಲಿ ಕೂತು ಬೂದು ಹುಡುಕಿದರೆ ಕಂದು ಕೈಗೆ ಬಾರದೆ ಇನ್ನೇನು ಬಂದೀತು!

ಸೂಜಿ ಅಂಗಿಗೆ ಚುಚ್ಚಿಕೊಂಡಿದ್ದ ಹಾಗೆಯೇ ಕೆಳಗಿಳಿದು, ರಸ್ತೆ ದಾಟಿ, ಗಾಜಿನ ಕಟ್ಟಡದ ಕಾವಲುಗಾರನನ್ನು ತರಾಟೆಗೆ ತೆಗೆದುಕೊಂಡಳು. ಅವನೇನು ಮಾಡಿಯಾನು ಪಾಪ. “ಅದು ಬಿಸಿಲು ತಡೆಯೋ ಗಾಜು ಅಮ್ಮ, ಒಳಗೆ ತಂಪಾಗಿರುತ್ತೆ,” ಎಂದ.

“ಹೌದಪ್ಪ, ತಂಪು ನಿಮಗೆ, ನೀವು ಬೇಡ ಅಂತ ಒದ್ದ ಬಿಸಿಲು ನನಗೆ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಬಂದಳು. ಬೀದಿ ಕಡೆಯ ಕಿಟಕಿಗೆ ದಪ್ಪ ಕಂಬಳಿ ಬಿಗಿದಳು. ಸ್ಟೂಲನ್ನು ಪಕ್ಕದ ಕಿಟಕಿಗೆ ಎಳೆದುಕೊಂಡಳು. ಪಕ್ಕದಲ್ಲಿ ಟೈಪಿಂಗ್ ಮೇಷ್ಟ್ರ ಗಿಡ್ಡ ಮನೆ, ಮನೆ ಮುಂದೆ ಅಂಗಳ, ಅದರ ಮೇಲೆ ಬಯಲು ಆಕಾಶ. ಕಿಟಕಿ ಸಣ್ಣದಾದರೂ ಬೆಳಕು ಶುದ್ಧವಾಗಿತ್ತು. ಕ್ಲಾರಿನೆಟ್ಟಿನವನ ಕೋಟನ್ನು ಬಿಚ್ಚಿ ಮತ್ತೆ ನೇಯ್ದು ಕೊಟ್ಟಳು.

ಈ ವರ್ಷ ಮೇಷ್ಟ್ರು ತೀರಿಕೊಂಡರು. ಮಕ್ಕಳು ಮನೆ ಮಾರಿದರು, ಕೊಂಡವರು ಕೆಡವಿದರು, ಖಾಲಿ ಜಾಗದಲ್ಲಿ ಐದು ಮಹಡಿಯ ಚಿತ್ರವಿದ್ದ ಬೋರ್ಡು ನಿಂತಿತು. ಗೋಡೆ ಎಲ್ಲಿ ಬರುತ್ತದೆ ಎಂದು ಕೇಳಿದ್ದಕ್ಕೆ, ಅಳತೆಯವನು ಅವಳ ಕಿಟಕಿಗೆ ತಾಗಿದಂತೆಯೇ ಕೈ ಅಡ್ಡ ಹಿಡಿದು ತೋರಿಸಿದ. ಆ ಗೋಡೆ ಎದ್ದರೆ ಅವಳ ಕಸುಬಿಗೆ ಅಂದೇ ಕೊನೆ. ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ, ಆಕ್ಷೇಪಣೆ ಇದ್ದವರು ಇಂಥ ದಿನ ಕಟ್ಟಡ ಕಚೇರಿಗೆ ಬರಬೇಕೆಂದು ಬರೆದಿತ್ತು. ಅಕ್ಕ ಮೂರು ಹಾಳೆ ಆಕ್ಷೇಪಣೆ ಬರೆದಳು.

ಕೆಳಗಿನ ಮನೆಯಲ್ಲಿ ಅವಳ ತಮ್ಮ, ಹೆಂಡತಿ ಮಗಳೊಂದಿಗೆ ಇದ್ದಾನೆ. ಮನೆ ಅಪ್ಪ ಮಕ್ಕಳಿಬ್ಬರ ಹೆಸರಿಗೂ ಬರೆದಿಟ್ಟದ್ದು. “ಹೋಗಿ ಏನು ಪ್ರಯೋಜನ ಅಕ್ಕ, ಸುಮ್ನೆ ಓಡಾಟ,” ಎಂದು ತಮ್ಮ ಎರಡು ದಿನ ರಾಗ ಎಳೆದ. ಅವಳು ಕೇಳದಿದ್ದಾಗ, “ನಾನೂ ಬರ್ತೀನಿ,” ಎಂದ. ಪುಕ್ಕಲ, ಆದರೂ ಜೊತೆಗೆ ನಿಲ್ಲುತ್ತಾನಲ್ಲ ಎಂದು ಅಕ್ಕನಿಗೆ ಹೆಮ್ಮೆಯೇ ಆಯಿತು.

ಕಟ್ಟಡ ಕಚೇರಿಯ ಅಧಿಕಾರಿ ಒಳ್ಳೆಯ ಮನುಷ್ಯ. ಮೂರೂ ಹಾಳೆಯನ್ನು ತಾಳ್ಮೆಯಿಂದ ಓದಿದರು. ಆಮೇಲೆ ಕಡತ ತಿರುವಿ, “ಆದ್ರೆ ನಿಮ್ಮ ಮನೆಯವರು ಒಪ್ಪಿಗೆ ಕೊಟ್ಟಿದ್ದೀರಲ್ಲಮ್ಮ,” ಎಂದರು.

“ಯಾರು? ಯಾವ ಒಪ್ಪಿಗೆ?”

“ಗಡಿಗೆ ತಾಗಿಸಿ ಕಟ್ಟೋದಕ್ಕೆ ಪಕ್ಕದ ಮನೆ ಯಜಮಾನರ ಒಪ್ಪಿಗೆ ಬೇಕು. ಇದಿಲ್ಲದೆ ಅವರಿಗೆ ಅನುಮತಿ ಸಿಗಲ್ಲ. ನೋಡಿ, ಇಬ್ಬರ ಸಹಿಯೂ ಇದೆ.”

ಕಡತವನ್ನು ಅವಳ ಕಡೆ ತಿರುಗಿಸಿದರು. ಮೊದಲು ತಮ್ಮನ ಸಹಿ. ಕೆಳಗೆ ಅವಳದು. ಅಕ್ಷರ ಅದೇ, ಓರೆ ಅದೇ, ಕೊನೆಗೆ ಅವಳು ಎಳೆಯುವ ಗೆರೆಯೂ ಅದೇ. ಆದರೆ ಇದ್ದದ್ದರ ಹಾಗೆ ಇಲ್ಲದ್ದನ್ನು ನೇಯುವುದೇ ಅವಳ ಕಸುಬು. ನಕಲನ್ನು ಅವಳಿಗಿಂತ ಬೇಗ ಯಾರು ಹಿಡಿದಾರು? ಅವಸರವೇ ಇಲ್ಲದ ಸಹಿ ಅದು. ಅವಳ ಸಹಿಯಿದ್ದ ಪಾಸ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು, ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರ ಇಳಿಸಿದ ಸಹಿ. ತಿರುಗಿ ನೋಡಿದಳು. ತಮ್ಮ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

“ಇದು ನಿಮ್ಮ ಸಹಿ ತಾನೇ?” ಎಂದರು ಅಧಿಕಾರಿ.

ಹೌದು ಎಂದರೆ ಕಿಟಕಿ ಹೋಯಿತು. ಅಲ್ಲ ಎಂದರೆ ತಮ್ಮ ಕಳ್ಳನಾದ. ಬೀದಿಯನ್ನೇ ಕೆಡವಿದವರ ಮೇಲೆ ಇಷ್ಟು ವರ್ಷ ಅವಳು ಕಾರಿದ ಸಿಟ್ಟೆಲ್ಲ ಆ ಒಂದು ಗೆರೆಯ ಮುಂದೆ ಏನೂ ಅಲ್ಲ ಎನ್ನಿಸಿತು.

“ಅಲ್ಲ,” ಎಂದಳು. “ಯಾರು ಹಾಕಿದ್ದು ಅಂತ ಮಾತ್ರ ನನ್ನ ಕೇಳ್ಬೇಡಿ. ಹೇಳಲ್ಲ.”

ಅಧಿಕಾರಿ ಅವಳನ್ನೂ ನೋಡಿದರು, ತಮ್ಮನನ್ನೂ ನೋಡಿದರು. ಒಪ್ಪಿಗೆ ಪತ್ರದ ಮೇಲೆ ಅಡ್ಡಗೆರೆ ಎಳೆದು, ಕಡತ ಮುಚ್ಚಿ, “ಮನೆಗೆ ಹೋಗಿ ಮಾತಾಡ್ಕೊಳ್ಳಿ,” ಎಂದರು.

ಕಚೇರಿಯ ಮೆಟ್ಟಿಲ ತಿರುವಿನಲ್ಲಿ ತಮ್ಮ ಅವಳ ದಾರಿಗೆ ಅಡ್ಡ ನಿಂತ. “ಅಕ್ಕಾ, ಮಗು ಕೆಮ್ಮೋದು ಕೇಳಿದ್ದೀಯಲ್ಲ. ಮೇಷ್ಟ್ರ ಮನೆ ಕಡೆ ಗೋಡೆಯೆಲ್ಲ ತೇವ, ಮಂಚದ ಹತ್ತಿರ ಬೂಷ್ಟು ಬಂದಿದೆ. ಇವರು ಗೋಡೆಗೆ ಗೋಡೆ ತಾಗಿಸಿ ಕಟ್ಟಿದ್ರೆ ನೀರು ಇಳಿಯಲ್ಲ, ನಮ್ಮ ಗೋಡೆನೂ ಪೂರ್ತಿ ಗಾರೆ ಮಾಡಿಕೊಡ್ತೀವಿ ಅಂದ್ರು. ನಾನಾಗಿ ಮಾಡ್ಸೋಕೆ ಎಲ್ಲಿ ಆಗುತ್ತೆ? ನಿನ್ನ ಕೇಳಿದ್ರೆ ಒಪ್ತಿರ್ಲಿಲ್ಲ. ಕೂಗಾಡ್ತಿದ್ದೆ.”

“ಕೂಗಾಡ್ತಿದ್ದೆ, ನಿಜ,” ಎಂದಳು ಅಕ್ಕ. ದನಿ ಏರಲಿಲ್ಲ. “ಕೂಗಾಡಿ, ಆಮೇಲೆ ಕೆಳಗೆ ಬಂದು, ಮಗು ಮುಖ ನೋಡಿ, ಸಹಿ ಹಾಕಿಬಿಡ್ತಿದ್ದೆ ಕಣೋ.”

ಹೇಳಿದ ಮೇಲೆ ಅದು ನಿಜವೆಂದು ಅವಳಿಗೇ ತಿಳಿಯಿತು. ಕಿಟಕಿಯನ್ನೂ ಕಸುಬನ್ನೂ ತಾನಾಗಿಯೇ ಕೊಟ್ಟುಬಿಡುತ್ತಿದ್ದಳು. ಕೊಡುವ ಮೊದಲೇ ತಮ್ಮ ಕದ್ದಿದ್ದ. ಅದು ತಿಳಿದದ್ದೇ ಸಿಟ್ಟು ಎರಡರಷ್ಟಾಯಿತು.

“ಈಗೇನ್ ಮಾಡೋದು ಅಕ್ಕಾ?”

“ನಾನು ಸತ್ತ ಮೇಲೆ ಹೆಬ್ಬೆಟ್ಟು ಒತ್ತಿಸ್ಕೋ,” ಎಂದಳು. “ಅಲ್ಲೀವರೆಗೂ ಮಗು ಮೇಲೆ ನನ್ನ ಕೋಣೇಲಿ ಮಲಗ್ಲಿ. ನೀನು ಮಾತ್ರ ಮೆಟ್ಟಿಲು ಹತ್ತಬೇಡ.”

ತಮ್ಮನನ್ನು ಸರಿಸಿ ಅವಳು ಇಳಿದು ಹೋದಳು.