ಡಬ್ಬಿಯೊಳಗಿನ ಸೇಬಿನ ಹೋಳು

ರೊಸಲಿನ್ ತನ್ನ ಪೆಟ್ಟಿಗೆಗೆ ಬೀಗ ಹಾಕುವುದನ್ನು ಬಿಟ್ಟು ಆರು ವರ್ಷವಾಗಿತ್ತು. ದುಬೈಗೆ ಬಂದ ಹೊಸತರಲ್ಲಿ, ದೇರಾದ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಗ, ಯಜಮಾನಿಯ ಚಿನ್ನದ ಸರ ಕಾಣೆಯಾಗಿತ್ತು. ಯಾರೂ ಏನೂ ಕೇಳಲಿಲ್ಲ. ನೇರವಾಗಿ ಇವಳ ಪೆಟ್ಟಿಗೆಯ ಬೀಗ ಒಡೆದು, ಬಟ್ಟೆ, ಜಪಸರ, ಮಕ್ಕಳ ಫೋಟೋ ಎಲ್ಲವನ್ನೂ ಲಿಫ್ಟಿನ ಎದುರು ಸುರಿದರು. ಮೂರನೇ ದಿನ ಸರ ವಾಷಿಂಗ್ ಮೆಷಿನ್ನಿನ ರಬ್ಬರಿನ ಸಂದಿಯಲ್ಲಿ ಸಿಕ್ಕಿತು. ತಪ್ಪಾಯಿತು ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಅಂದಿನಿಂದ ಅವಳ ಪೆಟ್ಟಿಗೆ ಸದಾ ತೆರೆದೇ ಇರುತ್ತಿತ್ತು, ಬೇಕಾದವರು ಬಂದು ನೋಡಿಕೊಳ್ಳಲಿ ಎಂದು. ಮುಚ್ಚಿಕೊಂಡದ್ದು ಮನಸ್ಸು ಮಾತ್ರ. ಬಚ್ಚಲಲ್ಲಿ ಯಾರಾದರೂ ಉಂಗುರ ಮರೆತು ಹೋದರೆ, ಅದು ತನ್ನನ್ನು ಪರೀಕ್ಷಿಸಲು ಇಟ್ಟದ್ದೆಂದೇ ಅವಳ ತೀರ್ಮಾನ. ಉಂಗುರವನ್ನು ಮುಟ್ಟದೆ ಸುತ್ತಲಿನ ಜಾಗವನ್ನಷ್ಟೇ ಒರೆಸಿ ಬರುತ್ತಿದ್ದಳು.

ತೊಂಬತ್ತೊಂಬತ್ತರ ಆಗಸ್ಟಿನಲ್ಲಿ ಅವಳಿಗೆ ಜುಮೇರಾದ ಒಂದು ಜರ್ಮನ್ ಮನೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳಿಲ್ಲದ ಮನೆ. ಸಾರ್ ಬೆಳಿಗ್ಗೆ ಜೆಬೆಲ್ ಅಲಿ ಬಂದರಿಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಮಾರ್ಟಿನಾ ಮೇಡಂ ಮೆದು ಮಾತಿನವರು, ಅವಳನ್ನು ಮೇಜಿಗೆ ಕರೆದು ಕಾಫಿ ಕೊಡುತ್ತಿದ್ದರು. ಇಷ್ಟು ಒಳ್ಳೆಯತನ ಯಾಕೆ ಎಂದು ರೊಸಲಿನ್ ಕಾಫಿ ಕುಡಿಯುತ್ತಲೇ ಅನುಮಾನಿಸುತ್ತಿದ್ದಳು. ಅನುಮಾನಕ್ಕೆ ಕಾರಣವೂ ಇತ್ತೆನ್ನಿ. ವೀಸಾ ಈ ಮನೆಯ ಹೆಸರಿನಲ್ಲಿತ್ತು. ಊರಲ್ಲಿ, ಶಿರ್ವದಲ್ಲಿ, ಗಂಡ ಕ್ಯಾಮಿಲಸ್ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡು ಕೂತಿದ್ದ. ಮಕ್ಕಳು ಆಶ್ಲೆ ಮತ್ತು ಜೆಸ್ಸಿಕಾ ಶಾಲೆಗೆ ಹೋಗುತ್ತಿದ್ದರು. ಕಳ್ಳಿ ಎಂಬ ಹೆಸರು ಹೊತ್ತು ವಿಮಾನ ಹತ್ತಿದರೆ ನಾಲ್ಕು ಹೊಟ್ಟೆಗಳ ಗತಿ ಮುಗಿದಂತೆಯೇ.

ನವೆಂಬರ್ ಕೊನೆಗೆ ಮೇಡಂ ಅವರ ತಾಯಿ ಜರ್ಮನಿಯಿಂದ ಬಂದಿಳಿದರು. ಎಪ್ಪತ್ತೆಂಟರ ಲೀಸೆಲ್ ಅಜ್ಜಿ. ಆಕೆಗೆ ಗೊತ್ತಿದ್ದ ಇಂಗ್ಲಿಷ್ ಬೆರಳೆಣಿಕೆಯಷ್ಟು, ಆದರೆ ಅಡುಗೆಮನೆಯಲ್ಲಿ ಕೈಗಳೇ ಮಾತಾಡುತ್ತಿದ್ದವು. ತಾಯಿ ಮಗಳು ಸೇರಿ ಒಂದು ವಾರ ಓವನ್ ಆರಲು ಬಿಡಲಿಲ್ಲ. ಬಾದಾಮಿ ಹಿಟ್ಟಿನ ಅರ್ಧಚಂದ್ರಗಳು, ದಾಲ್ಚಿನ್ನಿಯ ನಕ್ಷತ್ರಗಳು, ಜೇನು ಮತ್ತು ಲವಂಗ ಹಾಕಿದ ಕಂದು ಬಣ್ಣದ ದಪ್ಪ ಬಿಲ್ಲೆಗಳು. ಈ ಬಿಲ್ಲೆಗೆ ಅವರು ಲೆಬ್‌ಕೂಖನ್ ಅನ್ನುತ್ತಿದ್ದರು. ಲವಂಗದ ವಾಸನೆ ಬಂದಾಗ ರೊಸಲಿನ್‌ಗೆ ತಾಯಿಮನೆಯ ಕುಸ್ವಾರ್, ಹಬ್ಬದ ತಿಂಡಿಗಳು, ನೆನಪಾದವು. ಅಲ್ಲಿಯೂ ಕ್ರಿಸ್ಮಸ್ಸಿಗೆ ಮೂರು ವಾರ ಮೊದಲೇ ನೆವ್ರಿ, ಕಿಡಿಯೊ, ಗುಳಿಯೊ ಮಾಡಿ ಡಬ್ಬಿ ತುಂಬುತ್ತಿದ್ದರು. ಡಬ್ಬಿಯನ್ನು ಎರಡು ದಿನ ಬಿಸಿಲಿಗೆ ಒಣಗಿಸಬೇಕು. ಒಂದು ಹನಿ ಪಸೆ ತಾಗಿದರೂ ಎಲ್ಲ ಬೂಸ್ಟು ಹಿಡಿದು ಹೋಗುತ್ತದೆ. ಒದ್ದೆ ಕೈಯಲ್ಲಿ ಡಬ್ಬಿ ಮುಟ್ಟಿದ್ದಕ್ಕೆ ಅವಳು ತಾಯಿಯಿಂದ ಸೌಟಿನ ಪೆಟ್ಟು ತಿಂದದ್ದುಂಟು.

ಹೀಗಿರುವಾಗ ಒಂದು ದಿನ ಸ್ಟೋರಿನ ಶೆಲ್ಫ್ ಒರೆಸುವಾಗ ಲೆಬ್‌ಕೂಖನ್ ತುಂಬಿಟ್ಟ ನೀಲಿ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿಲ್ಲದ್ದು ಕಂಡಿತು. ಇರುವೆ ಹೊಕ್ಕರೆ ಕಷ್ಟವೆಂದು ತೆರೆದು ನೋಡಿದಳು. ಬಿಲ್ಲೆಗಳ ಮೇಲೆ, ಕಾಗದದ ಚೂರಿನಲ್ಲಿ, ಆಗತಾನೇ ಕತ್ತರಿಸಿದ ಒಂದು ಸೇಬಿನ ಹೋಳು ಇತ್ತು. ಅವಳು ಮುಚ್ಚಳವನ್ನು ಹಾಗೆಯೇ ಮುಚ್ಚಿದಳು.

ಮಧ್ಯಾಹ್ನ ಅವಳು ಎವ್ಲಿನ್‌ಗೆ ಫೋನ್ ಮಾಡಿದಳು. ಕಾರ್ಕಳದ ಎವ್ಲಿನ್ ಕರಾಮಾದ ಒಂದು ಕ್ಲಿನಿಕ್ಕಿನಲ್ಲಿ ಆಯಾ. ಶುಕ್ರವಾರ ಚರ್ಚಿನ ಪೂಜೆಗೆ ಜೊತೆಯಾಗುವ ಗೆಳತಿ. ಊರವರ ಕೆಟ್ಟ ಸುದ್ದಿಯೆಲ್ಲ ಮೊದಲು ಅವಳನ್ನು ದಾಟಿಯೇ ಮುಂದೆ ಹೋಗುತ್ತಿತ್ತು.

"ತಿಂಡಿ ಡಬ್ಬಿಗೆ ಒದ್ದೆ ಹಣ್ಣು ಯಾರು ಹಾಕ್ತಾರೆ ಮಾರಾಯ್ತಿ? ಬೂಸ್ಟು ಬರ್ಲಿ ಅಂತ್ಲೇ ಇಟ್ಟದ್ದು ಅದು. ನಾಳೆ ಹಾಳಾದ್ರೆ ಯಾರ ತಲೆಗೆ ಕಟ್ತಾರೆ ಹೇಳು?"

"ಮೇಡಂ ಹಾಗಿನವರಲ್ಲ ಅಂತ ಕಾಣ್ತದೆ."

"ನಮ್ಮ ಬಿಲ್ಡಿಂಗಿನ ಮಾರ್ಸೆಲಿನ್ ಬಾಯಿಯನ್ನು ಕಳಿಸಿದ್ದೂ ಹೀಗೇ. ನಗಾಡ್ತಾ ನಗಾಡ್ತಾ ಟಿಕೆಟ್ ಕೈಗೆ ಕೊಟ್ರು. ಖಲಾಸ್. ನೀನು ಅದನ್ನು ತೆಗೆದು ಬಿಸಾಡು, ಬಾಯಿ ಮುಚ್ಚಿ ಕೂತ್ಕೊ."

ರೊಸಲಿನ್ ಹಾಗೆಯೇ ಮಾಡಿದಳು. ಮನೆಯ ಕಸದಬುಟ್ಟಿಗೆ ಹಾಕಿದರೆ ಸಿಕ್ಕಿಬೀಳುತ್ತೇನೆಂದು ಹೋಳನ್ನು ಟಿಶ್ಯೂನಲ್ಲಿ ಸುತ್ತಿ ಮಸೀದಿಯ ಪಕ್ಕದ ದೊಡ್ಡ ಕಸದ ಡ್ರಮ್ಮಿನವರೆಗೆ ನಡೆದಳು. ರಂಜಾನ್ ಹಗಲು ಬೇರೆ. ಕೈಯಲ್ಲಿ ಹಣ್ಣು ಕಂಡರೆ ತಿನ್ನಲು ಹೊರಟವಳೆಂದು ಯಾರಾದರೂ ಹಿಡಿದಾರು ಎಂಬ ಭಯಕ್ಕೆ ಮುಷ್ಟಿಯನ್ನು ದುಪಟ್ಟಾದೊಳಗೆ ಅಡಗಿಸಿಕೊಂಡಿದ್ದಳು. ಮರುದಿನ ನೋಡಿದರೆ ಡಬ್ಬಿಯಲ್ಲಿ ಹೊಸ ಹೋಳು. ಅದನ್ನೂ ಎಸೆದಳು. ಮತ್ತೊಂದು ಬಂತು, ಅದೂ ಡ್ರಮ್ಮಿಗೆ ಹೋಯಿತು. ಡಬ್ಬಿ ಮೇಲಿನ ಶೆಲ್ಫಿಗೆ ಹೋದಾಗ ಅವಳ ಅನುಮಾನ ಗಟ್ಟಿಯಾಯಿತು. ಸ್ಟೂಲು ಹತ್ತಿ ನಾಲ್ಕನೆಯದನ್ನೂ ಐದನೆಯದನ್ನೂ ತೆಗೆದಳು.

ಒಂದು ಬೆಳಿಗ್ಗೆ ಮೇಡಂ ಕೇಳಿಯೇಬಿಟ್ಟರು. "ರೊಸಲಿನ್, ನೀಲಿ ಡಬ್ಬಿ ನೀನು ತೆರೆದೆಯಾ?"

"ನೋ ಮೇಡಂ."

ಬಾಯಿಗೆ ಮೊದಲು ಬಂದದ್ದು ಅದೇ. ಮೇಡಂ ತಲೆ ಆಡಿಸಿ ಹೋದರು. ಆಮೇಲೆ ಹಾಲ್‌ನಲ್ಲಿ ತಾಯಿ ಮಗಳ ಪಿಸುಮಾತು ಶುರುವಾಯಿತು. ಜರ್ಮನ್ ಭಾಷೆ ತಿಳಿಯದಿದ್ದರೂ ಆಪ್ಫೆಲ್ ಎಂದರೆ ಸೇಬು ಎಂಬುದು ರೊಸಲಿನ್‌ಗೆ ಗೊತ್ತಿತ್ತು. ಎರಡು ಮಾತಿಗೊಮ್ಮೆ ಆಪ್ಫೆಲ್. ಅಜ್ಜಿ ಅಳುತ್ತಿದ್ದುದೂ ಕೇಳಿಸಿತು. ನನ್ನ ಮೇಲೆ ಚಾಡಿ ಹೇಳಿ ಅತ್ತು ತೋರಿಸುತ್ತಿದ್ದಾಳೆ ಮುದುಕಿ ಎಂದುಕೊಂಡು ರೊಸಲಿನ್ ಹಲ್ಲು ಕಚ್ಚಿದಳು. ತನ್ನ ಬಟ್ಟೆಗಳನ್ನೆಲ್ಲ ತಾನೇ ಮಡಚಿ ಪೆಟ್ಟಿಗೆಯಲ್ಲಿ ಇಟ್ಟಳು, ಈ ಸಲ ಯಾರೂ ಎತ್ತಿ ಸುರಿಯುವುದು ಬೇಡ ಎಂದು.

ಮಾರನೆಯ ದಿನ ಮೇಡಂ ಅಡುಗೆಮನೆಗೆ ಬಂದು ಬಾಗಿಲು ಮುಚ್ಚಿದರು. ಟಿಕೆಟ್ ಬಂತು ಎಂದುಕೊಂಡ ರೊಸಲಿನ್ ಸಿಂಕಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ನನ್ನ ಅಮ್ಮನಿಗೆ ಮರೆವು ಶುರುವಾಗಿದೆ," ಎಂದರು ಮೇಡಂ. "ಲೆಬ್‌ಕೂಖನ್ ಹಾಗೇ ಇಟ್ಟರೆ ಕಲ್ಲಾಗುತ್ತದೆ. ಮೆತ್ತಗಿರಲಿ ಎಂದು ಡಬ್ಬಿಯಲ್ಲಿ ಒಂದು ಸೇಬಿನ ಹೋಳು ಇಡುತ್ತೇವೆ, ಆಗಾಗ ಬದಲಿಸುತ್ತೇವೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುವುದು. ಅಮ್ಮ ಇಡುತ್ತಾಳೆ, ಆಮೇಲೆ ತಾನೇ ತೆಗೆದು ಎಲ್ಲೋ ಬಿಸಾಡುತ್ತಾಳೆ, ಕೇಳಿದರೆ ನಾನಲ್ಲ ಅಂತಾಳೆ. ಐದು ಸಲ ಹೀಗಾಯಿತು. ಜರ್ಮನಿಯಲ್ಲಿ ಒಬ್ಬಳೇ ಇರುವವಳು, ಗ್ಯಾಸ್ ಹಚ್ಚಿಟ್ಟು ಮರೆತರೆ? ಜನವರಿಗೆ ಅವಳಿಗೆ ವೃದ್ಧಾಶ್ರಮದಲ್ಲಿ ಒಂದು ಕೋಣೆ ಹೇಳಿದ್ದೇನೆ. ಅಲ್ಲಿಯವರೆಗೆ ನೀನು ಒಂದು ಕಣ್ಣಿಟ್ಟಿರು."

"ಮೇಡಂ, ಬೇರೆ ಯಾರಾದ್ರೂ..."

"ಇನ್ನು ಯಾರು? ಸಾರ್ ಸ್ಟೋರಿಗೆ ಹೋಗುವವರಲ್ಲ. ನಿನ್ನನ್ನು ಕೇಳಿದೆ, ಇಲ್ಲ ಅಂದೆ. ನೀನು ಸುಳ್ಳು ಹೇಳುವವಳಲ್ಲ."

ಮೇಡಂ ಹೋದ ಮೇಲೆ ರೊಸಲಿನ್‌ಗೆ ಮೊದಲು ಆದದ್ದು ಸಮಾಧಾನ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಟಿಕೆಟ್ ಇಲ್ಲ, ಪೊಲೀಸ್ ಇಲ್ಲ, ತನ್ನ ಮೇಲೆ ಯಾರಿಗೂ ಗುಮಾನಿಯೇ ಇಲ್ಲ. ಸುಮ್ಮನಿದ್ದರೆ ಸಾಕು, ಎಲ್ಲ ಅದರ ಪಾಡಿಗೆ ನಡೆಯುತ್ತದೆ. ಈ ದೇಶದಲ್ಲಿ ಅವಳ ಮಾತನ್ನು ನಂಬಿದ ಮೊದಲ ಮನೆ ಇದು, ಮತ್ತು ನಂಬಿದ್ದು ಅವಳ ಸುಳ್ಳನ್ನು. ಇದು ಹೊಳೆದದ್ದು ಸ್ವಲ್ಪ ಹೊತ್ತಿನ ನಂತರ. ಆಮೇಲೆ ಅವಳಿಗೆ ಊಟ ಸೇರಲಿಲ್ಲ.

ಆ ದಿನ ಮಧ್ಯಾಹ್ನ ಲೀಸೆಲ್ ಅಜ್ಜಿ ಅಡುಗೆಮನೆಗೆ ಬಂದು ಒಂದು ಸೇಬು ತೆಗೆದುಕೊಂಡರು. ನಿಧಾನವಾಗಿ ಹೋಳು ಮಾಡಿ ಕಾಗದದ ಮೇಲಿಟ್ಟು ಡಬ್ಬಿಯೊಳಗೆ ಇಳಿಸಿದರು. ಮುಚ್ಚಳ ಹಾಕಿ ಎರಡು ಸಲ ಒತ್ತಿ ನೋಡಿದರು. ಏಪ್ರನ್ನಿನ ಜೇಬಿನಿಂದ ಒಂದು ಚೀಟಿ ಹೊರತೆಗೆದು ಪೆನ್ಸಿಲ್ಲಿನಲ್ಲಿ ಏನೋ ಗೀಚಿ ಮತ್ತೆ ಒಳಗಿಟ್ಟರು. ಆಮೇಲೆ ರೊಸಲಿನ್ ಕಡೆ ತಿರುಗಿದರು.

"ಯೂ ಸೀ? ಐ ಪುಟ್. ಯೆಸ್?"

"ಯೆಸ್," ಎಂದಳು ರೊಸಲಿನ್.

ಅಜ್ಜಿ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವು ಬೇರೆ ಯಾರದೋ ಕೈಗಳೇನೋ ಎಂಬಂತೆ, ತಾನಿಲ್ಲದಾಗ ಏನು ಮಾಡಿಬಿಡುತ್ತವೋ ಎಂಬಂತೆ. ಲಿಫ್ಟಿನ ಎದುರು ಬಟ್ಟೆ ಹೆಕ್ಕುತ್ತಿದ್ದಾಗಲೂ ರೊಸಲಿನ್‌ಗೆ ತಾನು ಕದ್ದಿಲ್ಲ ಎಂಬುದಾದರೂ ಗೊತ್ತಿತ್ತು. ಈ ಹೆಂಗಸಿಗೆ ಅಷ್ಟೂ ಉಳಿದಿಲ್ಲವಲ್ಲ ಎಂದು ಅವಳಿಗೆ ಅನಿಸಿತು. ಇದನ್ನು ಮಾಡಿದವಳು ನಾನು ಎಂದು ನಾಚಿಕೆಯೂ ಆಯಿತು.

ಮರುದಿನ ಬೆಳಿಗ್ಗೆ, ಸಾರ್ ಹೊರಟುಹೋದ ಮೇಲೆ, ಅವಳು ಪೆಟ್ಟಿಗೆಯನ್ನು ಹಾಲ್‌ಗೆ ಎಳೆದು ತಂದು ಮುಚ್ಚಳ ತೆರೆದಿಟ್ಟಳು. ತಾಯಿ ಮಗಳು ಕ್ರಿಸ್ಮಸ್ಸಿಗೆಂದು ಮೇಜಿನ ಮೇಲಿಟ್ಟ, ನಾಲ್ಕು ಮೇಣದ ಬತ್ತಿಗಳ ಹಸಿರೆಲೆಯ ಬಳೆಯ ಮುಂದೆ ಕಾಫಿ ಕುಡಿಯುತ್ತಿದ್ದರು.

"ಸೇಬು ತೆಗೆದದ್ದು ನಾನು ಮೇಡಂ. ಅಜ್ಜಿ ಅಲ್ಲ. ಕೇಳಿದಾಗ ಸುಳ್ಳು ಹೇಳಿದೆ."

"ಯಾಕೆ?" ಮೇಡಂ ಕಪ್ಪನ್ನು ಕೆಳಗಿಟ್ಟರು.

"ನಮ್ಮ ತಿಂಡಿಗೆ ಪಸೆ ಆಗೋದಿಲ್ಲ. ಹಾಳಾಗ್ಲಿ, ನನ್ನ ತಲೆಗೆ ಬರ್ಲಿ ಅಂತ ನೀವೇ ಇಟ್ಟದ್ದು ಅಂದ್ಕೊಂಡೆ. ಪೆಟ್ಟಿಗೆ ತಂದಿದ್ದೇನೆ. ನೋಡಿ ಬೇಕಾದ್ರೆ."

"ನಾನು ಅಂಥ ಕೆಲಸ ಮಾಡುತ್ತೇನೆ ಅಂದುಕೊಂಡೆಯಾ?" ಎಂದರು ಮೇಡಂ. ಅವರ ಮುಖ ಕೆಂಪಾಗಿತ್ತು.

ಅಜ್ಜಿ ಮಗಳ ತೋಳು ಜಗ್ಗಿ ಏನಾಯಿತೆಂದು ಕೇಳಿದರು. ಮೇಡಂ ಜರ್ಮನ್‌ನಲ್ಲಿ ಹೇಳಿದರು. ಅಜ್ಜಿ ಬೈಯಬಹುದು ಎಂದು ರೊಸಲಿನ್ ತಲೆ ತಗ್ಗಿಸಿದಳು. ಅಜ್ಜಿ ಕೇಳಿದ್ದು ಒಂದೇ ಮಾತು.

"ಹೌ ಮೆನಿ?"

ರೊಸಲಿನ್ ಐದು ಬೆರಳು ಎತ್ತಿದಳು.

ಅಜ್ಜಿ ಜೇಬಿನಿಂದ ಆ ಚೀಟಿ ತೆಗೆದು ಮಗಳ ತಟ್ಟೆಯ ಪಕ್ಕದಲ್ಲಿಟ್ಟರು. ಇಟ್ಟ ಪ್ರತಿ ಹೋಳಿಗೂ ಒಂದು ಗೀಟು, ಮಾಯವಾದ ಪ್ರತಿ ಹೋಳಿಗೂ ಅದರ ಮೇಲೊಂದು ಅಡ್ಡಗೀಟು. ಗೀಟುಗಳು ಆರು, ಅಡ್ಡಗೀಟುಗಳು ಐದು. ಆರನೆಯ ಹೋಳು ಡಬ್ಬಿಯಲ್ಲೇ ಇತ್ತು. ಯಾವುದನ್ನೂ ಅವರು ಮರೆತಿರಲಿಲ್ಲ.

ಮೇಡಂ ಚೀಟಿಯನ್ನು ಬಹಳ ಹೊತ್ತು ನೋಡಿದರು. ಎದ್ದು ಹೋಗಿ ಫೋನ್ ತಿರುಗಿಸಿ ಜರ್ಮನ್‌ನಲ್ಲಿ ನಾಲ್ಕು ಮಾತಾಡಿದರು. ತನ್ನನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿಗೇ ಮಾಡಿದ್ದು, ತನ್ನ ಟಿಕೆಟ್ಟೇ ಎಂದು ರೊಸಲಿನ್ ಆಗಲೂ ಅಂದುಕೊಂಡಳು. ಅಷ್ಟರಲ್ಲಿ ಅಜ್ಜಿ ಅವಳ ಮುಂಗೈ ಹಿಡಿದು, ಕಣ್ಣೊರೆಸಿಕೊಳ್ಳುತ್ತಾ, "ನೋ ರೂಮ್. ಐ ಗೋ ಹೋಮ್. ಮೈ ಹೋಮ್," ಎಂದರು.

ಫೋನ್ ಇಟ್ಟು ಬಂದ ಮೇಡಂ ಪೆಟ್ಟಿಗೆಯ ಮುಂದೆ ನಿಂತರು. ರೊಸಲಿನ್‌ಳ ಮುಖ ನೋಡಲಿಲ್ಲ. ಮುಂದೆ ಎರಡು ದಿನ ಅವಳೊಡನೆ ಮಾತನ್ನೂ ಆಡಲಿಲ್ಲ. ಆದರೆ ಆ ಹೊತ್ತು ಅವರು ಬಗ್ಗಿ, ಒಳಗೇನಿದೆಯೆಂದು ಕಣ್ಣೂ ಹಾಯಿಸದೆ, ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಕೊಂಡಿ ಎರಡನ್ನೂ ಒತ್ತಿ ಹಾಕಿ, ತಾವೇ ಎತ್ತಿಕೊಂಡು ಹೋಗಿ ರೊಸಲಿನ್‌ಳ ಕೋಣೆಯಲ್ಲಿ ಮಂಚದ ಕೆಳಗೆ ಇಟ್ಟು ಬಂದರು.